ಔಷಧದ ಶೇಷವಿರುವ ಕೊಳಚೆ ನೀರಿಗೆ ಯಾವ ಜೌಗು, ಯಾವ ಗಿಡ? ಆಯ್ಕೆಗೆ ನೆರವಾಗುವ ಒಂದು ಹೋಲಿಕೆ

ಜಲ್ಲಿ, ಮರಳು ತುಂಬಿದ ಮಡಿಗಳಲ್ಲೋ ಕೊಳಗಳಲ್ಲೋ ಬೆಳೆಸಿದ ಜೌಗು ಸಸ್ಯಗಳ, ಅಂದರೆ ನಾವೇ ಕಟ್ಟಿದ ಜೌಗಿನ, ನೆರವಿನಿಂದ ಕೊಳಚೆ ನೀರನ್ನು ಶುದ್ಧಗೊಳಿಸಲು ಹೊರಟವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಗಿಡದ ಬಗ್ಗೆಯೇ ಇರುತ್ತದೆ. ಆಪು ನೆಡಬೇಕೇ, ಕಾಬಾಳೆಯೇ, ಲಾವಂಚವೇ, ಇಲ್ಲವೇ ನೀರಿನ ಮೇಲೆ ತೇಲುವ ಗಿಡ ಬಿಟ್ಟರೆ ಸಾಕೇ ಎಂದು ಅವರು ಕೇಳುತ್ತಾರೆ. ನೀರಿನಲ್ಲಿರುವುದು ಸಾಮಾನ್ಯ ಕೊಳೆ ಮಾತ್ರವಾಗಿದ್ದರೆ ಒಂದೆರಡು ವಾಕ್ಯಗಳಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ತೆಗೆಯಬೇಕಾದದ್ದು ನೋವುನಿವಾರಕ, ಪ್ರತಿಜೀವಕ, ಮೂರ್ಛೆರೋಗದ ಮಾತ್ರೆ, ಹಾರ್ಮೋನು ಇವುಗಳ ಶೇಷವಾದಾಗ ಮಾತ್ರ ಗಿಡದ ಆಯ್ಕೆ ಕೊನೆಯ ಸ್ಥಾನಕ್ಕೆ ಸರಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರಿನಲ್ಲಿರುವುದು ಯಾವ ಔಷಧ ಎಂಬುದನ್ನು ಮೊದಲು ತಿಳಿಯಬೇಕು. ಆಮೇಲೆ ನೀರು ಹರಿಯುವ ಬಗೆಯನ್ನು, ಅದಾದ ಮೇಲೆ ಮಡಿಯೊಳಗೆ ತುಂಬುವ ಜಲ್ಲಿ ಮರಳುಗಳನ್ನು, ಕಡೆಗೆ ಗಿಡವನ್ನು ನಿರ್ಧರಿಸಬೇಕು.

ನಾವು ನುಂಗಿದ ಔಷಧದ ಒಂದು ಪಾಲು ದೇಹದಲ್ಲಿ ಬದಲಾಗದೆ, ಇನ್ನೊಂದು ಪಾಲು ರೂಪ ಬದಲಿಸಿಕೊಂಡು, ಮಲಮೂತ್ರಗಳ ಜೊತೆ ಚರಂಡಿಯನ್ನು ಸೇರುತ್ತದೆ. ಊರಿನ ಕೊಳಚೆಯಲ್ಲಿ ಇವುಗಳ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ ಕೆಲವು ನ್ಯಾನೊಗ್ರಾಂಗಳಿಂದ ಹಿಡಿದು ಕೆಲವು ಮೈಕ್ರೊಗ್ರಾಂಗಳವರೆಗೆ ಇರುತ್ತದೆ. ಇಷ್ಟು ಅಲ್ಪ ಪ್ರಮಾಣದಿಂದ ಏನಾದೀತು ಎಂದು ಅನುಮಾನಿಸುವವರಿಗೆ ಕೆನಡಾದ ಒಂದು ಪ್ರಯೋಗವನ್ನು ನೆನಪಿಸುವುದು ಒಳ್ಳೆಯದು. ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಈಸ್ಟ್ರೊಜೆನ್ ಅನ್ನು ಅಲ್ಲಿನ ಪ್ರಾಯೋಗಿಕ ಸರೋವರವೊಂದಕ್ಕೆ 2001ರಿಂದ 2003ರವರೆಗೆ ಲೀಟರಿಗೆ ಕೇವಲ 5–6 ನ್ಯಾನೊಗ್ರಾಂ ಮಟ್ಟದಲ್ಲಿ ಬೆರೆಸಲಾಯಿತು. ಗಂಡು ಮೀನುಗಳು ಹೆಣ್ಣಿನ ಲಕ್ಷಣಗಳನ್ನು ತೋರತೊಡಗಿದವು, ಅಲ್ಲಿದ್ದ ಒಂದು ಜಾತಿಯ ಚಿಕ್ಕ ಮೀನಿನ ಸಂತತಿ ಕುಸಿದು ಅಳಿವಿನ ಅಂಚಿಗೆ ಬಂದಿತು. ಇದರ ವರದಿ ಪ್ರಕಟವಾದದ್ದು 2007ರಲ್ಲಿ. ಮಾಮೂಲಿ ಶುದ್ಧೀಕರಣ ಘಟಕಗಳನ್ನು ರೂಪಿಸಿರುವುದು ಸಾವಯವ ಕೊಳೆ, ಸಾರಜನಕ, ರಂಜಕಗಳನ್ನು ತೆಗೆಯುವುದಕ್ಕೇ ಹೊರತು ನ್ಯಾನೊಗ್ರಾಂ ಲೆಕ್ಕದ ಔಷಧಗಳಿಗಾಗಿ ಅಲ್ಲ.

ಯಾವುದನ್ನು ಆಧರಿಸಿ ತೂಗಬೇಕು

ಮೊದಲನೆಯದು ಔಷಧದ ಸ್ವಭಾವ. ಜೌಗಿನ ದೃಷ್ಟಿಯಿಂದ ಔಷಧಗಳನ್ನು ನಾಲ್ಕು ಗುಂಪುಗಳಾಗಿ ನೋಡುವುದು ಅನುಕೂಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮುಂತಾದವು ಸೂಕ್ಷ್ಮಜೀವಿಗಳಿಗೆ ಸುಲಭದ ತುತ್ತು. ಆಮ್ಲಜನಕ ಮತ್ತು ಒಂದಿಷ್ಟು ಸಮಯ ಸಿಕ್ಕರೆ ಅವು ಬಹುಪಾಲು ಕರಗಿಹೋಗುತ್ತವೆ. ಡೈಕ್ಲೊಫೆನಾಕ್, ಕೀಟೊಪ್ರೊಫೆನ್ ಎಂಬ ನೋವುನಿವಾರಕಗಳಿಗೆ ಸೂಕ್ಷ್ಮಜೀವಿಗಳಿಗಿಂತ ಬಿಸಿಲೇ ದೊಡ್ಡ ಶತ್ರು. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ಗಳಂಥ ಪ್ರತಿಜೀವಕಗಳು ಜೇಡಿ, ಕೆಸರು, ಸಾವಯವ ಪದಾರ್ಥಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಅಂದರೆ ಅವು ನೀರಿನಿಂದ ಹೊರಟರೂ ನಾಶವಾಗಿರುವುದಿಲ್ಲ, ಮಡಿಯಲ್ಲಿ ಕುಳಿತಿರುತ್ತವೆ. ನಾಲ್ಕನೆಯದು ಹಟಮಾರಿಗಳ ಗುಂಪು. ಇದರ ಮುಂದಾಳು ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್. ಅದನ್ನು ಸೂಕ್ಷ್ಮಜೀವಿಗಳು ಸುಲಭಕ್ಕೆ ಮುಟ್ಟುವುದಿಲ್ಲ, ಜಲ್ಲಿಗೆ ಅದು ಹೆಚ್ಚು ಅಂಟುವುದೂ ಇಲ್ಲ. ಸ್ಕ್ಯಾನಿಂಗ್‌ಗೆ ಮುನ್ನ ರೋಗಿಗೆ ಕೊಡುವ ಅಯೋಡಿನ್‌ಯುಕ್ತ ದ್ರವಗಳಲ್ಲಿ ಹಲವು ಇದೇ ಗುಂಪಿಗೆ ಸೇರುತ್ತವೆ.

ಎರಡನೆಯದು ಮಡಿಯೊಳಗೆ ಸಿಗುವ ಆಮ್ಲಜನಕ ಮತ್ತು ಬೆಳಕು. ಮೇಲೆ ಹೇಳಿದ ಗುಂಪುಗಳನ್ನು ಗಮನಿಸಿದವರಿಗೆ ಇದರ ತೂಕ ತಾನಾಗಿಯೇ ತಿಳಿದಿರುತ್ತದೆ.

ಮೂರನೆಯದು ನೆಲ ಮತ್ತು ಸಮಯ. ಜೌಗಿನಲ್ಲಿ ನೀರು ಎಷ್ಟು ದಿನ ತಂಗುತ್ತದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ, ಹೆಚ್ಚು ದಿನ ತಂಗಬೇಕಾದರೆ ಹೆಚ್ಚು ನೆಲ ಬೇಕು. ಆದರೆ ಈ ಲೆಕ್ಕ ಸರಳ ಗುಣಾಕಾರದಂತೆ ನಡೆಯುವುದಿಲ್ಲ. ಒಂದು ಮಡಿ ಔಷಧದ ಅರ್ಧವನ್ನು ತೆಗೆಯುತ್ತದೆ ಎಂದಿಟ್ಟುಕೊಂಡರೆ ಅಷ್ಟೇ ದೊಡ್ಡ ಎರಡನೆಯ ಮಡಿ ಉಳಿದ ಅರ್ಧದಲ್ಲಿ ಅರ್ಧವನ್ನು ಮಾತ್ರ ತೆಗೆಯುತ್ತದೆ. ಎರಡೂ ಸೇರಿ ಶೇ 75, ಮೂರು ಸೇರಿ ಶೇ 87.5. ಇದೇ ಲೆಕ್ಕವನ್ನು ಹಟಮಾರಿ ಔಷಧಕ್ಕೆ ಹಾಕಿ ನೋಡಬೇಕು. ಒಂದು ಮಡಿಯಲ್ಲಿ ಶೇ 10ರಷ್ಟು ಮಾತ್ರ ಕಡಿಮೆಯಾಗುವ ವಸ್ತುವನ್ನು ಶೇ 80ರಷ್ಟು ತೆಗೆಯಲು ಅಂಥ 15ಕ್ಕೂ ಹೆಚ್ಚು ಮಡಿಗಳು ಸಾಲಾಗಿ ಬೇಕಾಗುತ್ತವೆ. ಕಾರ್ಬಮಜೆಪಿನ್ ಸಮಸ್ಯೆಯನ್ನು ಹೆಚ್ಚು ನೆಲ ಕೊಂಡು ಬಗೆಹರಿಸಲಾಗದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ನಾಲ್ಕನೆಯದು ನಿರ್ವಹಣೆ: ಪಂಪ್ ಬೇಕೇ, ವಿದ್ಯುತ್ ಬೇಕೇ, ಜಲ್ಲಿ ಕಟ್ಟಿಕೊಂಡರೆ ತೆಗೆದು ತೊಳೆಯುವವರು ಯಾರು, ಸೊಳ್ಳೆಗಳ ಕಾಟ ಎಷ್ಟು. ಐದನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಗಿಡ ಹೀರಿದ, ಕೆಸರು ಹಿಡಿದಿಟ್ಟ ಔಷಧ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದೇ ಆ ಅಳತೆಗೋಲು.

ನೀರು ಹರಿಯುವ ಬಗೆ

ನೋಡಲು ಸಹಜ ಕೆರೆಯಂತಿರುವುದು ತೆರೆದ ನೀರಿನ ಜೌಗು. ಮೂವತ್ತರಿಂದ ಅರವತ್ತು ಸೆಂಟಿಮೀಟರ್ ಆಳದ ನೀರಿನಲ್ಲಿ ಆಪು, ಜೊಂಡುಗಳು ಬೇರೂರಿ ನಿಲ್ಲುತ್ತವೆ, ನೀರು ಅವುಗಳ ಕಾಂಡಗಳ ನಡುವೆ ನಿಧಾನವಾಗಿ ಸರಿಯುತ್ತದೆ. ಇದನ್ನು ಕಟ್ಟುವುದು ಅಗ್ಗ, ಜಲ್ಲಿ ಬೇಡ, ಕಟ್ಟಿಕೊಳ್ಳುವ ಭಯವಿಲ್ಲ. ಬಿಸಿಲು ನೇರವಾಗಿ ನೀರಿಗೆ ಬೀಳುವುದರಿಂದ ಡೈಕ್ಲೊಫೆನಾಕ್, ಕೀಟೊಪ್ರೊಫೆನ್, ಸಿಪ್ರೊಫ್ಲಾಕ್ಸಸಿನ್‌ಗಳನ್ನು ಒಡೆಯುವ ಅವಕಾಶ ಉಳಿದ ಬಗೆಗಳಿಗಿಂತ ಇಲ್ಲೇ ಹೆಚ್ಚು. ಆದರೆ ಇಲ್ಲೊಂದು ವಿರೋಧಾಭಾಸವಿದೆ. ಗಿಡ ಸೊಂಪಾಗಿ ಬೆಳೆದಷ್ಟೂ ನೀರಿನ ಮೇಲೆ ನೆರಳು ದಟ್ಟವಾಗುತ್ತದೆ, ನೆರಳಾದಷ್ಟೂ ಬಿಸಿಲಿನ ಕೆಲಸ ನಿಲ್ಲುತ್ತದೆ. ಆದ್ದರಿಂದ ಗಿಡವಿರುವ ಭಾಗ ಮತ್ತು ಗಿಡವಿಲ್ಲದ ತಿಳಿನೀರಿನ ಭಾಗ ಒಂದಾದ ಮೇಲೊಂದು ಬರುವಂತೆ ವಿನ್ಯಾಸ ಮಾಡುವುದು ಜಾಣತನ. ನೆಲ ಬಹಳ ಬೇಕು, ಸೊಳ್ಳೆ ಬರುತ್ತದೆ, ಜನ ಮತ್ತು ದನಕರುಗಳಿಗೆ ಕೊಳಚೆ ಸುಲಭವಾಗಿ ಸಿಗುತ್ತದೆ ಎಂಬ ಕಾರಣಗಳಿಂದ ಇದು ಕಚ್ಚಾ ಕೊಳಚೆಗೆ ತಕ್ಕುದಲ್ಲ. ಬೇರೆ ವಿಧಾನದಿಂದ ಆಗಲೇ ಶುದ್ಧವಾಗಿ ಬಂದ ನೀರಿನ ಕೊನೆಯ ಹಂತಕ್ಕೆ ಇದು ಚೆನ್ನ.

ಎರಡನೆಯ ಬಗೆಯಲ್ಲಿ ನೀರು ಕಣ್ಣಿಗೆ ಕಾಣುವುದಿಲ್ಲ. ಸುಮಾರು ಅರ್ಧ ಮೀಟರ್ ಆಳದ ಜಲ್ಲಿಯೊಳಗೆ, ಮೇಲ್ಮೈಯಿಂದ ತುಸು ಕೆಳಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಅಡ್ಡಲಾಗಿ ಹರಿಯುತ್ತದೆ. ಸೊಳ್ಳೆ ಇಲ್ಲ, ವಾಸನೆ ಕಡಿಮೆ, ನೆಲದ ಇಳಿಜಾರು ಸರಿಯಿದ್ದರೆ ಪಂಪ್ ಕೂಡ ಬೇಡ. ಮನೆಬಳಕೆಯ ಕೊಳಚೆಗೆ ತಣ್ಣನೆಯ ಹವೆಯ ನಾಡುಗಳಲ್ಲಿ ತಲೆಗೆ ಸುಮಾರು 5 ಚದರ ಮೀಟರ್ ಎಂಬ ಲೆಕ್ಕ ಬಹಳ ಕಾಲದಿಂದ ರೂಢಿಯಲ್ಲಿದೆ. ಬೆಚ್ಚನೆಯ ಹವೆಯಲ್ಲಿ ಸೂಕ್ಷ್ಮಜೀವಿಗಳು ಚುರುಕಾಗಿರುವುದರಿಂದ ಇದಕ್ಕಿಂತ ಕಡಿಮೆ ಸಾಕಾಗಬಹುದು. ಇದರ ಮುಖ್ಯ ದೋಷ ಆಮ್ಲಜನಕದ ಬರ. ಸದಾ ನೀರು ತುಂಬಿರುವ ಜಲ್ಲಿಯೊಳಗೆ ಗಾಳಿ ಇಳಿಯುವುದಿಲ್ಲ, ಬೇರುಗಳು ಸೋರಿಸುವ ಆಮ್ಲಜನಕ ಬೇರಿನ ಸುತ್ತಲ ಕೆಲವೇ ಮಿಲಿಮೀಟರ್‌ಗಳಿಗೆ ಸೀಮಿತ. ಹಾಗಾಗಿ ಐಬುಪ್ರೊಫೆನ್‌ನಂಥ ಸುಲಭದ ಔಷಧವೂ ಇಲ್ಲಿ ನಿರೀಕ್ಷೆಗಿಂತ ಹೆಚ್ಚು ಉಳಿಯಬಹುದು. ಆದರೆ ಆಮ್ಲಜನಕವಿಲ್ಲದ ಸ್ಥಿತಿಗೂ ಅದರದೇ ಪಾತ್ರವಿದೆ. ಸಲ್ಫಮೆಥಾಕ್ಸಜೋಲ್‌ನಂಥ ಕೆಲವು ಪ್ರತಿಜೀವಕಗಳು ಅಂಥ ಕಡೆಯಲ್ಲೂ ರೂಪಾಂತರ ಹೊಂದುತ್ತವೆ.

ಮೂರನೆಯದು ಲಂಬ ಹರಿವಿನ ಮಡಿ. ಮರಳು ಮತ್ತು ಜಲ್ಲಿಯ ಪದರಗಳ ಮೇಲೆ ದಿನಕ್ಕೆ ಹಲವು ಬಾರಿ, ಬಿಟ್ಟು ಬಿಟ್ಟು, ನೀರನ್ನು ಸುರಿಯಲಾಗುತ್ತದೆ. ಪ್ರತಿ ಸುರಿತವೂ ಕೆಳಗಿಳಿಯುವಾಗ ಹಿಂದಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ, ಮಡಿ ಉಸಿರಾಡುತ್ತದೆ. ಆಮ್ಲಜನಕ ಧಾರಾಳವಾಗಿರುವುದರಿಂದ ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಮತ್ತು ಈಸ್ಟ್ರೊಜೆನ್ ಹಾರ್ಮೋನುಗಳ ಮಟ್ಟಿಗೆ ಇದು ಅಡ್ಡ ಹರಿವಿಗಿಂತ ಮೇಲು. ತಲೆಗೆ 2ರಿಂದ 4 ಚದರ ಮೀಟರ್ ಸಾಕು. ಪ್ರತಿಯಾಗಿ ಪಂಪ್ ಅಥವಾ ತಾನಾಗಿ ಖಾಲಿಯಾಗುವ ಸೈಫನ್ ಬೇಕು, ಮರಳಿನ ಕಾಳುಗಳ ಗಾತ್ರ ಸರಿಯಿರಬೇಕು, ಇಲ್ಲದಿದ್ದರೆ ಮೇಲ್ಪದರ ಕಟ್ಟಿಕೊಂಡು ನೀರು ನಿಂತುಬಿಡುತ್ತದೆ. ನೀರು ಕೆಲವೇ ಗಂಟೆಗಳಲ್ಲಿ ಇಳಿದುಹೋಗುವುದರಿಂದ ನಿಧಾನವಾಗಿ ಕರಗುವ ಔಷಧಗಳಿಗೆ ಸಮಯ ಸಾಲುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಜಲ್ಲಿಯ ತಳಕ್ಕೆ ಕೊಳವೆ ಹಾಕಿ ಬ್ಲೋವರ್‌ನಿಂದ ಗಾಳಿ ಊದುವ ಮಡಿಗಳೂ ಇವೆ. ನೆಲ ತೀರ ಕಡಿಮೆಯಿದ್ದು ವಿದ್ಯುತ್ ನಂಬಿಕೆಯದಾಗಿದ್ದರೆ ಇದನ್ನು ಪರಿಗಣಿಸಬಹುದು. ಆದರೆ ಬ್ಲೋವರ್ ಕೆಟ್ಟ ದಿನ ಅದು ಸಾಧಾರಣ ಅಡ್ಡ ಹರಿವಿನ ಮಡಿಯಾಗಿಬಿಡುತ್ತದೆ, ಅದೂ ಅಳತೆಗಿಂತ ಚಿಕ್ಕದಾದ ಮಡಿ.

ಇವುಗಳಲ್ಲಿ ಒಂದನ್ನೇ ಆರಿಸಬೇಕೆಂಬ ನಿಯಮವೇನಿಲ್ಲ. ಔಷಧಗಳ ವಿಷಯದಲ್ಲಿ ಜೋಡಿಸಿದ ಜೌಗೇ ಹೆಚ್ಚು ಅರ್ಥಪೂರ್ಣ ಎಂಬುದು ನನ್ನ ಎಣಿಕೆ: ಮೊದಲು ಲಂಬ ಮಡಿ, ಆಮೇಲೆ ಅಡ್ಡ ಮಡಿ, ಕೊನೆಗೆ ಬಿಸಿಲು ಬೀಳುವ ತೆರೆದ ಕೊಳ. ಆಮ್ಲಜನಕ ಬೇಡುವ ಔಷಧ ಮೊದಲ ಹಂತದಲ್ಲಿ, ಆಮ್ಲಜನಕವಿಲ್ಲದೆಡೆ ಒಡೆಯುವುದು ಎರಡನೆಯದರಲ್ಲಿ, ಬೆಳಕಿಗೆ ಸೋಲುವುದು ಮೂರನೆಯದರಲ್ಲಿ ಕಡಿಮೆಯಾಗುತ್ತವೆ. ಕೊನೆಯ ಕೊಳಕ್ಕೆ ಬರುವ ನೀರು ತಿಳಿಯಾಗಿರುವುದರಿಂದ ಬೆಳಕು ಆಳಕ್ಕೂ ಇಳಿಯುತ್ತದೆ. ಇದೇ ಕೊಳವನ್ನು ಮೊದಲಿಗೆ ಇಟ್ಟರೆ ಕಲಕಿದ ನೀರಿನಲ್ಲಿ ಬಿಸಿಲು ಮೇಲ್ಮೈಗೇ ನಿಂತುಬಿಡುತ್ತದೆ.

ಮಡಿಯ ಒಡಲು

ಗಿಡಕ್ಕೆ ಸಿಗುವ ಗಮನದ ಕಾಲುಭಾಗವೂ ಮಡಿ ತುಂಬುವ ವಸ್ತುವಿಗೆ ಸಿಗುವುದಿಲ್ಲ, ಇದು ತಪ್ಪು. ಸಾದಾ ಜಲ್ಲಿ ಅಗ್ಗ, ಬಾಳಿಕೆ ಬರುತ್ತದೆ, ಸೂಕ್ಷ್ಮಜೀವಿಗಳ ಲೋಳೆಪದರ ಕೂರಲು ಜಾಗ ಕೊಡುತ್ತದೆ. ಔಷಧವನ್ನು ತಾನಾಗಿ ಹಿಡಿಯುವುದು ಮಾತ್ರ ಅತಿ ಕಡಿಮೆ. ಸುಟ್ಟು ಉಬ್ಬಿಸಿದ ಹಗುರ ಜೇಡಿಗುಂಡುಗಳು, ಜಿಯೊಲೈಟ್ ಎಂಬ ಖನಿಜ, ಸಸ್ಯತ್ಯಾಜ್ಯವನ್ನು ಗಾಳಿಯಾಡದಂತೆ ಸುಟ್ಟು ಮಾಡಿದ ಇದ್ದಿಲಾದ ಬಯೋಚಾರ್ ಇವುಗಳ ಮೈಯಲ್ಲಿ ಅಸಂಖ್ಯ ರಂಧ್ರಗಳಿರುವುದರಿಂದ ಔಷಧದ ಅಣುಗಳು ಅಂಟಿಕೊಳ್ಳುತ್ತವೆ. ಬಯೋಚಾರ್ ವಿಶೇಷವಾಗಿ ಗಮನಾರ್ಹ, ಏಕೆಂದರೆ ಜಲ್ಲಿಯನ್ನು ದಾಟಿಹೋಗುವ ಕಾರ್ಬಮಜೆಪಿನ್ ಕೂಡ ಇದಕ್ಕೆ ಅಂಟುತ್ತದೆ. ಆದರೆ ಅಂಟಿಕೊಳ್ಳುವ ಜಾಗ ಮುಗಿಯುವಂಥದ್ದು. ಮೊದಲ ವರ್ಷ ಬೆರಗಾಗುವಂಥ ಫಲಿತಾಂಶ ಕೊಟ್ಟ ಮಡಿ ಕೆಲವು ವರ್ಷಗಳಲ್ಲಿ ಸಾಧಾರಣ ಮಡಿಯಾಗಬಹುದು, ಆಗ ವಸ್ತುವನ್ನು ಅಗೆದು ಬದಲಿಸಬೇಕು. ಆದ್ದರಿಂದ ಇಡೀ ಮಡಿಯನ್ನು ದುಬಾರಿ ವಸ್ತುವಿನಿಂದ ತುಂಬುವ ಬದಲು, ಹೊರಹರಿವಿನ ತುದಿಯಲ್ಲಿ ಸುಲಭವಾಗಿ ತೆಗೆದು ಹಾಕಬಹುದಾದ ಪ್ರತ್ಯೇಕ ಕೋಣೆಯಲ್ಲಿ ಅದನ್ನು ತುಂಬುವುದು ಲೇಸು. ಕಡಿಮೆ ಹಣವಿರುವವರು ಮೊದಲಿಗೆ ಆ ಕೋಣೆಯನ್ನು ಸಾದಾ ಜಲ್ಲಿಯಿಂದಲೇ ತುಂಬಿ, ನೀರಿನ ಪರೀಕ್ಷೆ ಏನು ಹೇಳುತ್ತದೆ ನೋಡಿಕೊಂಡು ಆಮೇಲೆ ಬದಲಿಸಬಹುದು.

ಈಗ ಗಿಡಗಳು

ಜೌಗು ಸಸ್ಯಗಳಿಂದ ತ್ಯಾಜ್ಯನೀರನ್ನು ಶುದ್ಧಗೊಳಿಸುವ ವ್ಯವಸ್ಥಿತ ಪ್ರಯೋಗಗಳು ಆರಂಭವಾದದ್ದು 1950ರ ದಶಕದಲ್ಲಿ, ಜರ್ಮನಿಯ ಪ್ಲೋನ್ ಎಂಬಲ್ಲಿ. ಅಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ಕೇಟೆ ಸೈಡೆಲ್ ಎಂಬ ವಿಜ್ಞಾನಿ ನೀರಿನಲ್ಲಿ ಬೆಳೆಯುವ ಜೊಂಡು ಫಿನಾಲ್‌ನಂಥ ವಿಷವಸ್ತುಗಳಿರುವ ನೀರನ್ನೂ ಶುದ್ಧಗೊಳಿಸಬಲ್ಲದು ಎಂದು ತೋರಿಸಿದರು. ಅಂದಿನಿಂದ ಗಿಡವೇ ಎಲ್ಲವನ್ನೂ ಹೀರುತ್ತದೆ ಎಂಬ ನಂಬಿಕೆ ಜನಪ್ರಿಯವಾಗಿ ಉಳಿದುಬಂದಿದೆ. ವಾಸ್ತವದಲ್ಲಿ ಹೆಚ್ಚಿನ ಔಷಧಗಳ ಮಟ್ಟಿಗೆ ಗಿಡ ನೇರವಾಗಿ ಹೀರುವ ಪಾಲು ಚಿಕ್ಕದು. ಬೇರಿನ ಸುತ್ತ ಸೂಕ್ಷ್ಮಜೀವಿಗಳಿಗೆ ಮನೆ ಕಟ್ಟಿಕೊಡುವುದು, ಆಮ್ಲಜನಕ ಮತ್ತು ಸಕ್ಕರೆಯಂಥ ಸ್ರಾವಗಳನ್ನು ಬಿಡುವುದು, ಜಲ್ಲಿಯ ದಾರಿಗಳನ್ನು ತೆರೆದಿಡುವುದು ಅದರ ದೊಡ್ಡ ಕೆಲಸ.

ಆದರೂ ಹೀರುವಿಕೆಯನ್ನು ತಳ್ಳಿಹಾಕುವಂತಿಲ್ಲ. ನೀರಿಗೂ ಕೊಬ್ಬಿಗೂ ಮಧ್ಯಮ ಒಲವಿರುವ, ವಿದ್ಯುದಾವೇಶವಿಲ್ಲದ ಅಣುಗಳು ಬೇರಿನ ಪೊರೆಯನ್ನು ದಾಟಿ, ನೀರಿನೊಂದಿಗೆ ಕಾಂಡವನ್ನೇರಿ, ಎಲೆಯಲ್ಲಿ ಸಂಗ್ರಹವಾಗುತ್ತವೆ. ಕಾರ್ಬಮಜೆಪಿನ್ ಸರಿಯಾಗಿ ಇಂಥ ಅಣು. ಸೂಕ್ಷ್ಮಜೀವಿಗಳಿಗೆ ಬಗ್ಗದ ಈ ಔಷಧವೇ ಗಿಡಕ್ಕೆ ಸುಲಭವಾಗಿ ಒಳಬರುವಂಥದ್ದು ಎಂಬುದು ಕುತೂಹಲದ ಸಂಗತಿ. ಒಳಹೊಕ್ಕ ಅಣುವನ್ನು ಗಿಡ ನಮ್ಮ ಯಕೃತ್ತಿನಂತೆಯೇ ಸಂಸ್ಕರಿಸುತ್ತದೆ: ಮೊದಲು ಆಕ್ಸಿಜನ್ ಸೇರಿಸುತ್ತದೆ, ಆಮೇಲೆ ಸಕ್ಕರೆಯನ್ನೋ ಗ್ಲುಟಥಯೋನ್ ಎಂಬ ಚಿಕ್ಕ ಅಣುವನ್ನೋ ಜೋಡಿಸುತ್ತದೆ, ಕೊನೆಗೆ ಜೀವಕೋಶದ ಗೂಡಿನಲ್ಲಿ ಮುಚ್ಚಿಡುತ್ತದೆ. ಅಲ್ಲಿಯೇ ಬಿಟ್ಟು ಎಲೆ ಉದುರಿ ಕೊಳೆತರೆ ಅದರ ಒಂದು ಪಾಲು ಮತ್ತೆ ನೀರಿಗೆ ಬರುತ್ತದೆ. ಆದ್ದರಿಂದ ಹೀರುವಿಕೆಯನ್ನು ನಂಬುವವರು ಕಟಾವನ್ನೂ ನಂಬಬೇಕು.

ಫ್ರಾಗ್ಮೈಟಿಸ್ ಎಂಬ ಎತ್ತರದ ಜೊಂಡು ಲಂಬ ಮಡಿಗೆ ಮೊದಲ ಆಯ್ಕೆ. ಗಟ್ಟಿ ಕಾಂಡ ಗಾಳಿಗೆ ತೂಗಾಡುವಾಗ ಮೇಲ್ಮೈಯ ಕೆಸರು ಪದರ ಒಡೆದು ನೀರಿಗೆ ದಾರಿಯಾಗುತ್ತದೆ, ಗೆಡ್ಡೆಬೇರು ಆಳಕ್ಕೆ ಇಳಿಯುತ್ತದೆ, ಚಳಿ ತಡೆಯುತ್ತದೆ, ಒಣಗಿದ ಕಾಂಡ ನಿಧಾನವಾಗಿ ಕೊಳೆಯುತ್ತದೆ. ಆದರೆ ಹರಡುವ ಹಟ ಇದಕ್ಕೆ ಬಹಳ. ಉತ್ತರ ಅಮೆರಿಕದಲ್ಲಿ ಇದರ ಯುರೋಪಿನ ತಳಿ ಸ್ಥಳೀಯ ಜೌಗುಗಳನ್ನೇ ಆಕ್ರಮಿಸಿದೆ. ಸಹಜ ಕೆರೆ, ತೊರೆಗಳ ಪಕ್ಕದಲ್ಲಿ ಹೊರಗಿನ ತಳಿ ತಂದು ನೆಡಬಾರದು.

ಆಪು, ಅಂದರೆ ಟೈಫಾ, ತೆರೆದ ನೀರಿಗೂ ಅಡ್ಡ ಮಡಿಗೂ ಹೊಂದಿಕೊಳ್ಳುತ್ತದೆ. ಅದರ ಸ್ಪಂಜಿನಂಥ ಒಳಮೈ ಎಲೆಯಿಂದ ಬೇರಿಗೆ ಗಾಳಿ ಸಾಗಿಸುವುದರಲ್ಲಿ ನಿಪುಣ. ಪ್ರಯೋಗಾಲಯದಲ್ಲಿ ಕಾರ್ಬಮಜೆಪಿನ್, ಐಬುಪ್ರೊಫೆನ್‌ಗಳನ್ನು ಹೀರಿದ ದಾಖಲೆ ಇದಕ್ಕಿದೆ. ಬೇಗ ಬೆಳೆದು ಬೇಗ ಒಣಗುವ ಈ ಗಿಡ ರಾಶಿಗಟ್ಟಲೆ ಎಲೆ ಬೀಳಿಸುತ್ತದೆ. ಕತ್ತರಿಸುವ ಆಳುಕಾಳು ಇಲ್ಲದಿದ್ದರೆ ಕೊಳೆತ ಎಲೆಯೇ ಹೊಸ ಕೊಳೆಯಾಗುತ್ತದೆ.

ಕಾಬಾಳೆ ಬೆಚ್ಚನೆಯ ಹವೆಯ ಗಿಡ. ಅಗಲ ಎಲೆಯಿಂದ ಬಹಳಷ್ಟು ನೀರನ್ನು ಆವಿ ಮಾಡುವುದರಿಂದ ನೀರಿನೊಂದಿಗೆ ಏರಿಬರುವ ಔಷಧವನ್ನೂ ಹೆಚ್ಚು ಎಳೆದುಕೊಳ್ಳಬಲ್ಲದು, ಹೂವಿನ ಅಂದ ಬೇರೆ. ಮನೆಗಳ ನಡುವೆ ಮಡಿ ಮಾಡುವವರಿಗೆ ಆ ಅಂದವೂ ಒಂದು ಕಾರಣವೇ, ಸುತ್ತಲಿನವರು ಒಪ್ಪದ ಮಡಿ ಹೆಚ್ಚು ಕಾಲ ಬಾಳುವುದಿಲ್ಲ. ಕಾಂಡ ಮೆತ್ತಗಿರುವುದರಿಂದ ಒಣಗಿದ ಕೂಡಲೇ ಕೊಳೆಯುತ್ತದೆ. ವರ್ಷಕ್ಕೆ ಎರಡು ಮೂರು ಸಲ ಕತ್ತರಿಸುವ ಏರ್ಪಾಡು ಇದ್ದವರು ಮಾತ್ರ ಇದನ್ನು ಆರಿಸಲಿ.

ಲಾವಂಚದ ಬೇರು ಉದ್ದ ಮತ್ತು ದಟ್ಟ, ಉಪ್ಪು ಮತ್ತು ವಿಷವಸ್ತುಗಳನ್ನು ತಾಳುವ ಶಕ್ತಿ ಹೆಚ್ಚು. ಮೊಳೆಯುವ ಬೀಜ ಕಟ್ಟದ ತಳಿಗಳನ್ನು ನೆಟ್ಟರೆ ಹರಡುವ ಭಯವೂ ಇಲ್ಲ. ತೇಲುವ ಚೌಕಟ್ಟಿನಲ್ಲಿ ನೆಟ್ಟು ಬೇರುಗಳನ್ನು ನೀರಿಗೆ ಇಳಿಬಿಡುವುದಕ್ಕೆ ಇದು ಒಪ್ಪುತ್ತದೆ; ಈಗಾಗಲೇ ಒಂದು ಕೊಳವಿದ್ದು ಹೊಸ ಮಡಿ ಕಟ್ಟಲು ನೆಲವೂ ಹಣವೂ ಇಲ್ಲದವರಿಗೆ ಇದೊಂದು ದಾರಿ.

ನೇರಳೆ ಹೂ ಬಿಡುವ, ಹಲವೆಡೆ ಅಂತರಗಂಗೆ ಎಂದೇ ಕರೆಯುವ ವಾಟರ್ ಹಯಸಿಂತ್ ಬಗ್ಗೆ ನನಗೆ ಒಳ್ಳೆಯ ಮಾತಾಡಲು ಮನಸ್ಸಿಲ್ಲ. ಇದರ ಬೇರುಗುಚ್ಛ ಹೀರುವುದು ನಿಜ, ಬೆಳವಣಿಗೆ ಬೆರಗುಗೊಳಿಸುವಂಥದ್ದು ನಿಜ. ಅನುಕೂಲದ ವಾತಾವರಣದಲ್ಲಿ ಎರಡು ವಾರದೊಳಗೆ ಇಮ್ಮಡಿಯಾಗುವ ಈ ಗಿಡ ದಕ್ಷಿಣ ಅಮೆರಿಕದಿಂದ ಹೊರಟು ಬೆಚ್ಚನೆಯ ನಾಡುಗಳ ಕೆರೆಗಳನ್ನೆಲ್ಲ ಮುಚ್ಚಿದೆ. ಯುರೋಪಿಯನ್ ಒಕ್ಕೂಟ 2016ರಲ್ಲಿ ಇದನ್ನು ಆಕ್ರಮಣಕಾರಿ ಪ್ರಭೇದಗಳ ಪಟ್ಟಿಗೆ ಸೇರಿಸಿತು. ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಇರುವ ರಾಶಿಯನ್ನು ವಾರ ವಾರ ಎತ್ತಿ ಸಾಗಿಸುವ ಕೂಲಿಯನ್ನು ಲೆಕ್ಕ ಹಾಕಿದರೆ ಅಗ್ಗದ ಗಿಡ ಅಗ್ಗವಾಗಿ ಉಳಿಯುವುದಿಲ್ಲ. ಮಳೆಗಾಲದಲ್ಲಿ ಉಕ್ಕಿ ಹರಿಯುವ ಕೊಳದಲ್ಲಂತೂ ಇದನ್ನು ಬಿಡಲೇಬಾರದು.

ಗಿಡಗಳ ಬಗ್ಗೆ ಓದುವಾಗ ಒಂದು ಎಚ್ಚರ ಬೇಕು. ಶೇ 80, ಶೇ 90 ತೆಗೆದಿದೆ ಎಂಬ ಹಲವು ಅಂಕಿಗಳು ಬಕೆಟ್ಟಿನಲ್ಲಿ ಶುದ್ಧ ನೀರು ತುಂಬಿ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಔಷಧ ಬೆರೆಸಿ, ಎರಡು ಮೂರು ವಾರ ಬಿಟ್ಟು ಅಳೆದವು. ನಿಜವಾದ ಮಡಿಯಲ್ಲಿ ನೀರು ತಂಗುವುದು ಕೆಲವು ದಿನ ಮಾತ್ರ, ಔಷಧಗಳು ಹತ್ತಾರು, ಪ್ರಮಾಣ ಅದರ ಸಾವಿರದ ಒಂದು ಪಾಲು. ಪ್ರಯೋಗ ನಡೆದದ್ದು ಎಲ್ಲಿ, ಎಷ್ಟು ದಿನ ಎಂಬುದನ್ನು ನೋಡದೆ ಎರಡು ಗಿಡಗಳ ಅಂಕಿಗಳನ್ನು ಹೋಲಿಸಿ ಫಲವಿಲ್ಲ.

ಓಜೋನ್ ಮತ್ತು ಇದ್ದಿಲಿನ ಪಕ್ಕದಲ್ಲಿ ಇಟ್ಟು ನೋಡಿದರೆ

ಜೌಗೇ ಬೇಕೇ ಎಂಬ ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. ಸ್ವಿಟ್ಜರ್ಲೆಂಡ್ 2016ರಿಂದ ಆಯ್ದ ಘಟಕಗಳಿಗೆ ಔಷಧದ ಶೇಷದಂಥ ಸೂಕ್ಷ್ಮ ಮಾಲಿನ್ಯಕಾರಕಗಳನ್ನು ಶೇ 80ರಷ್ಟು ತೆಗೆಯುವ ಹೊಣೆ ಹೊರಿಸಿದೆ. ಅಲ್ಲಿ ಬಳಕೆಗೆ ಬಂದದ್ದು ಔಷಧದ ಅಣುಗಳನ್ನು ಒಡೆಯುವ ಓಜೋನ್ ಅನಿಲ ಮತ್ತು ಅವನ್ನು ಮೈಗೆ ಅಂಟಿಸಿಕೊಳ್ಳುವ ಸಕ್ರಿಯ ಇದ್ದಿಲು. ಯುರೋಪಿಯನ್ ಒಕ್ಕೂಟದ 2024ರ ಹೊಸ ನಗರ ತ್ಯಾಜ್ಯನೀರು ನಿರ್ದೇಶನವೂ ದೊಡ್ಡ ಘಟಕಗಳಿಗೆ ಶೇ 80ರ ಗುರಿಯನ್ನೇ ಇಟ್ಟಿದೆ, ಅಳೆಯಲು ಕಾರ್ಬಮಜೆಪಿನ್, ಡೈಕ್ಲೊಫೆನಾಕ್, ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್, ರಕ್ತದೊತ್ತಡಕ್ಕೆ ಕೊಡುವ ಮೆಟೊಪ್ರೊಲಾಲ್ ಸೇರಿದಂತೆ 12 ಸೂಚಕ ವಸ್ತುಗಳನ್ನು ಹೆಸರಿಸಿದೆ. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಜೌಗು ಒಂದೇ ಗುರಿ ಮುಟ್ಟುವುದು ಕಷ್ಟ ಎಂಬುದು ಸ್ಪಷ್ಟವಾಗುತ್ತದೆ.

ಆದರೆ ಇವು ಒಂದಕ್ಕೊಂದು ಎದುರಾಳಿಗಳು ಎಂದು ಭಾವಿಸಬೇಕಿಲ್ಲ. ಓಜೋನ್ ಕಾರ್ಬಮಜೆಪಿನ್, ಡೈಕ್ಲೊಫೆನಾಕ್‌ಗಳನ್ನು ಕ್ಷಣಾರ್ಧದಲ್ಲಿ ಒಡೆಯುತ್ತದೆ, ಐಬುಪ್ರೊಫೆನ್ ಮುಂದೆ ನಿಧಾನವಾಗುತ್ತದೆ. ಗಾಳಿಯಾಡುವ ಜೌಗು ಐಬುಪ್ರೊಫೆನ್ ಅನ್ನು ಸುಲಭವಾಗಿ ಕರಗಿಸುತ್ತದೆ, ಕಾರ್ಬಮಜೆಪಿನ್ ಮುಂದೆ ಸೋಲುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಓಜೋನಿನ ನಂತರ ಉಳಿಯುವ ಒಡೆದ ತುಣುಕುಗಳನ್ನು ಜೀರ್ಣಿಸಲು ಹೇಗೂ ಒಂದು ಜೈವಿಕ ಹಂತ ಬೇಕಾಗುವುದರಿಂದ ಜೌಗನ್ನು ಅದರ ಹಿಂದೆ ಇಡಬಹುದು. ಇದ್ದಿಲಿನ ವಿಷಯದಲ್ಲಿ ಇದು ತಿರುಗುಮುರುಗು: ಜೌಗು ಮುಂದಿದ್ದರೆ ಸಾವಯವ ಕೊಳೆ ಕಡಿಮೆಯಾಗಿ ಬರುವುದರಿಂದ ಇದ್ದಿಲು ಹೆಚ್ಚು ಕಾಲ ಬಾಳುತ್ತದೆ.

ಕೆಲಸ ಆಗುತ್ತಿದೆಯೇ ಎಂದು ಅಳೆಯುವಾಗ

ಒಳಹರಿವು ಮತ್ತು ಹೊರಹರಿವಿನ ಸಾಂದ್ರತೆಗಳನ್ನು ಮಾತ್ರ ಹೋಲಿಸಿದರೆ ಮೋಸ ಹೋಗುತ್ತೇವೆ. ದಿನಕ್ಕೆ 10,000 ಲೀಟರ್ ಒಳಬಂದು, ಗಿಡ ಮತ್ತು ಬಿಸಿಲು ಆವಿ ಮಾಡಿದ ಮೇಲೆ 8,000 ಲೀಟರ್ ಹೊರಹೋಗುತ್ತದೆ ಎಂದಿಟ್ಟುಕೊಳ್ಳಿ. ಔಷಧ ಒಂದಿಷ್ಟೂ ಕಡಿಮೆಯಾಗದಿದ್ದರೆ ಲೀಟರಿಗೆ 1 ಮೈಕ್ರೊಗ್ರಾಂ ಇದ್ದದ್ದು ಹೊರಹರಿವಿನಲ್ಲಿ 1.25 ಆಗುತ್ತದೆ, ಜೌಗು ಔಷಧವನ್ನು ಹುಟ್ಟಿಸಿದಂತೆ ಕಾಣುತ್ತದೆ. ಮಳೆ ಬಂದ ದಿನ ಇದಕ್ಕೆ ವಿರುದ್ಧವಾಗಿ, ಏನೂ ಮಾಡದ ಮಡಿಯೂ ಅದ್ಭುತ ಫಲಿತಾಂಶ ತೋರುತ್ತದೆ. ಆದ್ದರಿಂದ ಹರಿವನ್ನೂ ಅಳೆದು ಸಾಂದ್ರತೆಯೊಂದಿಗೆ ಗುಣಿಸಿ, ಒಟ್ಟು ತೂಕದ ಲೆಕ್ಕದಲ್ಲಿ ಹೋಲಿಸಬೇಕು. ನೀರು ಮಡಿಯಲ್ಲಿ ಮೂರು ದಿನ ತಂಗುವುದಾದರೆ ಇಂದಿನ ಹೊರಹರಿವನ್ನು ಮೂರು ದಿನದ ಹಿಂದಿನ ಒಳಹರಿವಿನೊಂದಿಗೆ ತಾಳೆ ನೋಡಬೇಕು. ಇಷ್ಟಾದರೂ ಕೆಲವು ಔಷಧಗಳು ಹೊರಗೆ ಹೆಚ್ಚಾಗಿ ಕಂಡರೆ ಗಾಬರಿ ಬೇಡ. ನಮ್ಮ ದೇಹ ಔಷಧಕ್ಕೆ ಬೇರೆ ಅಣುವನ್ನು ಜೋಡಿಸಿ ಹೊರಹಾಕಿದ ಜೋಡಿರೂಪಗಳನ್ನು ಮಡಿಯ ಸೂಕ್ಷ್ಮಜೀವಿಗಳು ಬಿಡಿಸಿದಾಗ ಮೂಲ ಔಷಧ ಮರಳಿ ಬರುತ್ತದೆ. ಸಲ್ಫಮೆಥಾಕ್ಸಜೋಲ್‌ನಲ್ಲಿ ಇದು ಕಂಡುಬರುವ ಸಂಗತಿ.

ಯಾರಿಗೆ ಯಾವುದು

ಕೆಲವು ಮನೆಗಳ ಗುಂಪು ಅಥವಾ ಚಿಕ್ಕ ಊರು, ನೆಲವಿದೆ, ಹಣ ಕಡಿಮೆ, ವಿದ್ಯುತ್ ನೆಚ್ಚುವಂತಿಲ್ಲ ಎಂದಾದರೆ ಸೆಪ್ಟಿಕ್ ಟ್ಯಾಂಕಿನ ನಂತರ ಸೈಫನ್‌ನಿಂದ ನಡೆಯುವ ಲಂಬ ಮಡಿ ಮತ್ತು ಬಿಸಿಲಿನ ಕೊಳದ ಜೋಡಿ ನನ್ನ ಸಲಹೆ. ಇಂಥ ಕಡೆ ಬಳಕೆಯಾಗುವ ಔಷಧಗಳಲ್ಲಿ ನೋವುನಿವಾರಕಗಳದೇ ದೊಡ್ಡ ಪಾಲು, ಅವನ್ನು ಈ ಜೋಡಿ ಚೆನ್ನಾಗಿ ನಿಭಾಯಿಸುತ್ತದೆ. ಗಿಡ ಸ್ಥಳೀಯವಾಗಿ ಸಿಗುವ ಜೊಂಡು ಅಥವಾ ಆಪು ಆಗಲಿ. ಎತ್ತರದ ವ್ಯತ್ಯಾಸ ಸಿಗದೆ ಸೈಫನ್ ಕೂರುವುದಿಲ್ಲ ಎಂದಾದಲ್ಲಿ ಮಾತ್ರ ಅಡ್ಡ ಮಡಿಗೆ ಇಳಿಯಬೇಕು.

ನೆಲ ಕಡಿಮೆ, ಹಣ ಇದೆ, ನೋಡಿಕೊಳ್ಳುವವರು ಇದ್ದಾರೆ ಎನ್ನುವವರು ಗಾಳಿ ಊದುವ ಮಡಿಯನ್ನೂ ಹೊರಹರಿವಿನಲ್ಲಿ ಬಯೋಚಾರ್ ಅಥವಾ ಸಕ್ರಿಯ ಇದ್ದಿಲಿನ ಕೋಣೆಯನ್ನೂ ಜೋಡಿಸಬಹುದು. ಇಲ್ಲಿ ಕಾಬಾಳೆ ನೆಡಲು ಅಡ್ಡಿಯಿಲ್ಲ, ಕತ್ತರಿಸುವವರಿದ್ದಾರಲ್ಲ. ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಶುದ್ಧೀಕರಣ ಘಟಕದ ಹಿಂದೆ ಒಂದಿಷ್ಟು ಖಾಲಿ ನೆಲವಿದ್ದರೆ ತೆರೆದ ನೀರಿನ ಜೌಗೇ ಸಾಕು. ಕಡಿಮೆ ಖರ್ಚಿನಲ್ಲಿ ಡೈಕ್ಲೊಫೆನಾಕ್‌ನ ಒಂದು ಪಾಲು ಇಳಿಯುತ್ತದೆ, ಹಕ್ಕಿಗಳೂ ಬರುತ್ತವೆ.

ಆಸ್ಪತ್ರೆಯ ಕೊಳಚೆ ಬೇರೆಯೇ ಮಾತು. ಪ್ರತಿಜೀವಕಗಳು, ಸ್ಕ್ಯಾನಿಂಗ್ ದ್ರವಗಳು, ಕ್ಯಾನ್ಸರ್ ಔಷಧಗಳು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಅಲ್ಲಿ ಒಟ್ಟಿಗೇ ಬರುತ್ತವೆ. ಜೌಗು ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನು ಇಳಿಸುತ್ತದೆಯಾದರೂ ಪ್ರತಿಜೀವಕ ಅಂಟಿದ ಕೆಸರು ಮತ್ತು ಜಲ್ಲಿ ನಿರೋಧಕ ವಂಶವಾಹಿಗಳಿಗೆ ನೆಲೆಯಾಗಬಲ್ಲದು. ಇಲ್ಲಿ ಜೌಗು ಸರಪಳಿಯ ಒಂದು ಕೊಂಡಿಯಾಗಿರಬಹುದು, ಇಡೀ ಸರಪಳಿಯಾಗಬಾರದು. ಓಜೋನ್ ಅಥವಾ ಇದ್ದಿಲು ಬೇಕೇ ಬೇಕು, ಮಡಿಯ ಕೆಸರನ್ನು ಹೊಲಕ್ಕೆ ಹಾಕುವಂತಿಲ್ಲ.

ಔಷಧ ತಯಾರಿಕೆಯ ಕಾರ್ಖಾನೆಯ ತ್ಯಾಜ್ಯವನ್ನು ಜೌಗಿಗೆ ಬಿಡುವ ಯೋಚನೆಯಿದ್ದರೆ ಅದನ್ನು ಇಲ್ಲಿಗೇ ಕೈಬಿಡಬೇಕು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಹಲವು ಔಷಧ ತಯಾರಕರ ತ್ಯಾಜ್ಯವನ್ನು ಸಂಸ್ಕರಿಸಿ ಹೊರಬಿಟ್ಟ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದದ್ದನ್ನು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದು ಆ ಔಷಧ ತೆಗೆದುಕೊಳ್ಳುವ ರೋಗಿಯ ರಕ್ತದಲ್ಲಿರುವ ಮಟ್ಟಕ್ಕಿಂತಲೂ ಹೆಚ್ಚು. ಅಂಥ ನೀರಿನಲ್ಲಿ ಮಡಿಯ ಕೆಲಸ ಮಾಡಬೇಕಾದ ಸೂಕ್ಷ್ಮಜೀವಿಗಳೇ ಮೊದಲು ಸಾಯುತ್ತವೆ, ಉಳಿದವು ನಿರೋಧಕವಾಗುತ್ತವೆ. ಅದನ್ನು ಕಾರ್ಖಾನೆಯೊಳಗೇ, ಬೇರೆ ನೀರಿನೊಂದಿಗೆ ಬೆರೆಯುವ ಮೊದಲೇ ಹಿಡಿಯಬೇಕು.

ಯಾವ ಮಡಿಯನ್ನೇ ಆರಿಸಿದರೂ ಕಟಾವು ಮಾಡಿದ ಹಸಿರನ್ನು ಎಲ್ಲಿ ಹಾಕುವುದೆಂದು ಗಿಡ ನೆಡುವ ಮೊದಲೇ ಗೊತ್ತುಮಾಡಿಕೊಳ್ಳಿ. ದನಕರುಗಳಿಗೆ ಮೇವಾಗಿ ಹಾಕುವುದು ಬೇಡ. ಊರಿನ ಸಾಮಾನ್ಯ ಕೊಳಚೆಯ ಮಡಿಯದಾದರೆ ಚೆನ್ನಾಗಿ ಕಾವೇರಿದ ಕಾಂಪೋಸ್ಟ್ ಮಾಡಿ, ತಿನ್ನುವ ಬೆಳೆ ಬೆಳೆಯದ ನೆಲಕ್ಕೆ, ಮರಗಳ ಬುಡಕ್ಕೆ ಬಳಸಬಹುದು. ಆಸ್ಪತ್ರೆಯ ಮಡಿಯದಾದರೆ ಒಣಗಿಸಿ, ಹೊಗೆ ಸಂಸ್ಕರಿಸುವ ವ್ಯವಸ್ಥೆಯಿರುವ ಕುಲುಮೆಯಲ್ಲಿ ಸುಡುವುದೇ ಸರಿ.